ಗೆಳೆಯನಿಗೊಂದು ಪತ್ರ: ಈ ಸಲ ಚೀಟಿ ಎತ್ತಿ ಕುಂಡ ಇಟ್ಟಿದ್ದೇನೆ

ಪ್ರೀತಿಯ ಗೆಳೆಯಾ,

ಪ್ರಾಜೆಕ್ಟ್‌ಗೆ ಯಾವ ವಿಷಯ ತಗೊಳ್ಳಲಿ ಅಂತ ನೀನು ಕೇಳಿದ್ದೆ. ಉತ್ತರ ತಡವಾಯಿತು. ಎರಡು ವಾರದಿಂದ ನಾನು ಕಾಂಪೋಸ್ಟ್ ಗುಡ್ಡೆಯ ಹತ್ತಿರವೇ ಇದ್ದೇನೆ.

ವಿಭಾಗದ ಹಿಂದೆ ಒಣ ಎಲೆ, ಹಸಿ ಕಸ ಸೇರಿಸಿ ಗುಡ್ಡೆ ಹಾಕಿದ್ದೆವು. ವಾರ ಕಳೆದರೂ ಬಿಸಿಯೇ ಏರಲಿಲ್ಲ. ಇಂಗಾಲ ಮತ್ತು ಸಾರಜನಕ ಸುಮಾರು 30ಕ್ಕೆ 1ರಂತೆ ಇರಬೇಕು ಅಂತ ಪರೀಕ್ಷೆಯಲ್ಲಿ ಎಷ್ಟು ಸಲ ಬರೆದಿದ್ದೇವೆ ಅಲ್ವಾ? ಆದರೆ ಕಣ್ಣೆದುರಿಗೆ ಗುಡ್ಡೆಯ ತುಂಬ ಒಣ ಎಲೆಯೇ ಇದ್ದರೂ ಅದರಲ್ಲಿ ಇಂಗಾಲ ಜಾಸ್ತಿಯಾಗಿದೆ ಅಂತ ಯಾರಿಗೂ ಹೊಳೆಯಲಿಲ್ಲ. ಎಲ್ಲ ಕೆದಕಿ, ಸಾರಜನಕ ಸಿಗಲಿ ಅಂತ ಆಗ ತಾನೇ ಕೊಯ್ದ ಹುಲ್ಲು, ಸಗಣಿ ಬೆರೆಸಿ, ಹಿಡಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ನೀರು ಚಿಮುಕಿಸಿದೆವು. ಮೂರನೇ ದಿನ ಬೆಳಗ್ಗೆ ಥರ್ಮಾಮೀಟರ್ ಚುಚ್ಚಿದರೆ 58 ಡಿಗ್ರಿ! ಬಗೆದ ಕಡೆಯೆಲ್ಲ ಹಬೆ ಏಳುತ್ತಿತ್ತು. 55 ಡಿಗ್ರಿ ದಾಟಿ ಕೆಲವು ದಿನ ನಿಂತರೆ ಕಳೆ ಬೀಜ, ರೋಗಾಣು ಬಹುಪಾಲು ಸಾಯುತ್ತವೆ ಅನ್ನೋದು ಗೊತ್ತಿತ್ತು, ಆದರೆ ಕಣ್ಣಿಗೆ ಕಾಣದ ಜೀವಿಗಳು ಎಬ್ಬಿಸಿದ ಆ ಬಿಸಿಯನ್ನು ಅಂಗೈಯಲ್ಲಿ ಹಿಡಿದಾಗ ಆದ ಖುಷಿಯೇ ಬೇರೆ.

ಕುಂಡದ ಪ್ರಯೋಗದ ಕಥೆ ಮಾತ್ರ ಬೇಸರದ್ದು. ಹಿಂದಿನ ಬ್ಯಾಚ್ ಮಾಡಿಟ್ಟ, ಚೆನ್ನಾಗಿ ಮಾಗಿದ ಕಾಂಪೋಸ್ಟನ್ನು ಆರು ಕುಂಡಕ್ಕೆ ಹಾಕಿದೆ, ಇನ್ನು ಆರು ಕುಂಡಕ್ಕೆ ಬರೀ ಮಣ್ಣು. ನಾಲ್ಕು ವಾರದಲ್ಲಿ ಕಾಂಪೋಸ್ಟ್ ಗಿಡಗಳು ಎದ್ದು ಕಾಣುವಷ್ಟು ಬೆಳೆದವು. ಗ್ರಾಫ್ ಕೂಡ ಬರೆದಿಟ್ಟಿದ್ದೆ. ನಮ್ಮ ಗೈಡ್ ಬಂದು ನೋಡಿ ಕೇಳಿದ್ದು ಒಂದೇ ಮಾತು: "ಇದು ಗೊಬ್ಬರದ ಕೆಲಸವೋ, ಕಿಟಕಿಯ ಕೆಲಸವೋ?" ನೀರು ಹಾಕಲು ಸುಲಭ ಅಂತ ಕಾಂಪೋಸ್ಟ್ ಹಾಕಿದ ಆರನ್ನೂ ಕಿಟಕಿಯ ಪಕ್ಕದಲ್ಲೇ ಸಾಲಾಗಿ ಇಟ್ಟಿದ್ದೆ. ಬೆಳಕೂ ಅವಕ್ಕೇ ಜಾಸ್ತಿ ಸಿಕ್ಕಿತ್ತು. ನಾಲ್ಕು ವಾರದ ಲೆಕ್ಕದಿಂದ ಏನನ್ನೂ ಹೇಳಲು ಬರುವಂತಿರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಒಂದೇ ಹೊಲದಲ್ಲೂ ಮಣ್ಣು ಜಾಗದಿಂದ ಜಾಗಕ್ಕೆ ಬೇರೆ ಇರುತ್ತದೆ, ಹಾಗಾಗಿ ಯಾವ ತುಂಡಿಗೆ ಯಾವ ಗೊಬ್ಬರ ಅಂತ ನಾವು ಆರಿಸಬಾರದು, ಚೀಟಿ ಎತ್ತಿದ ಹಾಗೆ ಹಂಚಬೇಕು ಅಂತ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ಫಿಶರ್ 1920ರ ದಶಕದಲ್ಲೇ ಹೇಳಿದ್ದರು. ಅದನ್ನು ಓದಿ ಪಾಸಾಗಿದ್ದೆ, ಈಗ ಅರ್ಥವಾಯಿತು.

ಪಕ್ಕದ ತಂಡ ಹೊಳೆಯ ನೀರು ನೋಡುತ್ತಿದೆ. ನೀರಲ್ಲಿ ಕರಗಿದ ಆಮ್ಲಜನಕವನ್ನು ಮೀಟರಿನಲ್ಲಿ ಅಳೆಯುವುದರ ಜೊತೆಗೆ ಕಲ್ಲು ಮಗುಚಿ ಅಡಿಯಲ್ಲಿರುವ ಹುಳುಗಳನ್ನೂ ಎಣಿಸುತ್ತಾರೆ. ಮೀಟರಿನಲ್ಲಿ ಸಿಗೋದು ಆ ಹೊತ್ತಿನ ಲೆಕ್ಕ. ಕೊಳಕು ನೀರಲ್ಲಿ ಬದುಕಲಾರದ ಮರಿಹುಳುಗಳು ಅಲ್ಲಿದ್ದರೆ, ತಿಂಗಳುಗಳಿಂದ ನೀರು ಚೆನ್ನಾಗಿದೆ ಅಂತ ತಿಳಿಯಬಹುದು. ನಿನಗೆ ನೀರು ಇಷ್ಟವಿದ್ದರೆ ಅದೂ ಒಳ್ಳೆಯದೇ.

ವಿಷಯ ಯಾವುದಾದರೂ ಇರಲಿ, ಒಂದೇ ಸೆಮಿಸ್ಟರಿನಲ್ಲಿ ಎರಡು ಸಲ ಮಾಡಲು ಆಗುವಷ್ಟು ಚಿಕ್ಕದು ತಗೋ. ಮೊದಲ ಸಲ ಏನೋ ಒಂದು ತಪ್ಪುತ್ತದೆ. ನನಗೆ ಇನ್ನೊಮ್ಮೆ ಬಿತ್ತಲು ಸಮಯವಿತ್ತು ಅನ್ನೋದೇ ಸಮಾಧಾನ.

ಈ ಸಲ ಚೀಟಿ ಎತ್ತಿ ಕುಂಡ ಇಟ್ಟಿದ್ದೇನೆ, ಮೂರು ದಿನಕ್ಕೊಮ್ಮೆ ಜಾಗವನ್ನೂ ಬದಲಿಸುತ್ತೇನೆ. ನಿನ್ನೆ ಮೊಳಕೆ ಬಂತು. ಕಾಂಪೋಸ್ಟ್ ಹಾಕಿದ್ದೂ ಹಾಕದ್ದೂ ಸದ್ಯಕ್ಕೆ ಒಂದೇ ಥರ ಕಾಣುತ್ತಿವೆ. ಶನಿವಾರ ಎತ್ತರ ಅಳೆಯುತ್ತೇನೆ. ನೀನೂ ಬಾ, ನಾನು ಅಳೆದು ಹೇಳುತ್ತೇನೆ, ನೀನು ಬರೆದುಕೋ.

ನಿನ್ನ ಗೆಳೆಯ