ಹಾಲುಣಿಸುವ ಅಮ್ಮಂದಿರ ಗಮನಕ್ಕೆ

ತೂಕ ಇಳಿಸುವ ಪುಡಿ, ಮಾತ್ರೆಗಳ ಫೋಟೋ ದಯವಿಟ್ಟು ಈ ಗುಂಪಿಗೆ ಹಾಕಬೇಡಿ. ಮಗುವಿಗೆ ಹಾಲು ಕುಡಿಸುವವರು ಅದನ್ನು ಮುಟ್ಟಲೇಬೇಡಿ, ಅದರ ಅಂಶ ಹಾಲಿಗೂ ಸೇರಬಹುದು.

ಹೆರಿಗೆಯಾಗಿ ಮೊದಲ 6-8 ವಾರ ತೂಕದ ಚಿಂತೆ ಬೇಡ. ಆಮೇಲೂ ವಾರಕ್ಕೆ ಅರ್ಧ ಕೆಜಿ ಇಳಿದರೆ ಸಾಕು. ಹಾಲು ತಯಾರಾಗಲು ದಿನಕ್ಕೆ ಸುಮಾರು 500 ಕ್ಯಾಲೊರಿ ಬೇಕು, ಅದಕ್ಕೇ ಅಷ್ಟು ಹಸಿವು. ಊಟ ಬಿಡಬೇಡಿ.

ನಮ್ಮ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಬಾಣಂತಿಯ ಬಿಸಿ ಅನ್ನಕ್ಕೆ ತುಪ್ಪ ಸುರಿದು, ಮೇಲೆ ಅಂಟಿನುಂಡೆಯನ್ನೂ ಕೊಟ್ಟು, ನೀರು ಮಾತ್ರ ಜಾಸ್ತಿ ಕುಡಿಯಬೇಡ ಅನ್ನುತ್ತಾರೆ. ಅಮ್ಮ, ಅತ್ತೆಯರ ಪ್ರೀತಿ ನಿಜ, ಆದರೂ ಅವರಿಗೆ ಮೆಲ್ಲಗೆ ಹೇಳಿ: ತುಪ್ಪ ಒಂದು ಚಮಚ ಸಾಕು, ನೀರು ಬಾಯಾರಿದಾಗಲೆಲ್ಲ ಬೇಕು. ಕುಚ್ಚಲಕ್ಕಿ ಗಂಜಿ, ಹೆಸರುಕಾಳು ಪಲ್ಯ, ಬಸಳೆ ಸಾರು, ಒಂದೆಲಗದ ತಂಬುಳಿ, ತಿನ್ನುವವರಿಗೆ ಮೊಟ್ಟೆ, ಮೀನು, ಇವೆಲ್ಲ ಹೊಟ್ಟೆ ತುಂಬಿಸುತ್ತವೆ.

ಈ ಜಡಿಮಳೆಯಲ್ಲಿ ಹೊರಗೆ ವಾಕಿಂಗ್ ಆಗಲ್ಲ ಅಲ್ವಾ, ಜಗಲಿಯಲ್ಲೇ ನಿಧಾನವಾಗಿ ನಡೆಯಿರಿ. ಸಿಸೇರಿಯನ್ ಆದವರು ಡಾಕ್ಟರನ್ನು ಕೇಳಿಯೇ ವ್ಯಾಯಾಮ ಶುರು ಮಾಡಿ.

ಮಗು ದಿನಕ್ಕೆ 6 ಸಲಕ್ಕಿಂತ ಕಡಿಮೆ ಉಚ್ಚೆ ಮಾಡಿದರೆ ಅಥವಾ ಅದರ ತೂಕ ಏರದಿದ್ದರೆ ಡಯೆಟ್ ನಿಲ್ಲಿಸಿ, ಅವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಿ. ಹೋಗುವುದು ಕಷ್ಟವಾದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ.