ಶನಿವಾರದ ಕಾಗದಪತ್ರ ಪರಿಶೀಲನೆ: ಗುರುವಾರದೊಳಗೆ ಉತ್ತರಿಸಿ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿ ಕೇರ್ ಹೋಮ್, ಬಾಡಿಗೆ ಮನೆ, ದತ್ತಿ ಸಂಸ್ಥೆ ನಡೆಸುವ ನಮ್ಮ ಉದ್ಯಮಿ ಸೋದರಿಯರಿಗಾಗಿ ಶನಿವಾರ ಬೆಳಿಗ್ಗೆ 11ಕ್ಕೆ ಝೂಮ್‌ನಲ್ಲಿ ಸೇರೋಣ.

ಹೊಸ ಕೇರ್ ಹೋಮ್ ತೆರೆಯುವವರು ಸಿಕ್ಯೂಸಿ (ಇಂಗ್ಲೆಂಡಿನ ಆರೈಕೆ ಸೇವೆಗಳ ನಿಯಂತ್ರಕ ಸಂಸ್ಥೆ) ನೋಂದಣಿ ಅರ್ಜಿ ಮತ್ತು ಸ್ಟೇಟ್‌ಮೆಂಟ್ ಆಫ್ ಪರ್ಪಸ್ (ಯಾರಿಗೆ, ಯಾವ ಸೇವೆ ಎಂದು ತಿಳಿಸುವ ದಾಖಲೆ) ಕರಡು ತನ್ನಿ. ನೋಂದಣಿಗೆ ಮುಂಚೆ ಒಬ್ಬ ನಿವಾಸಿಯನ್ನು ಸೇರಿಸಿಕೊಂಡು ಆರೈಕೆ ಕೊಟ್ಟರೂ ಅದು ಅಪರಾಧ. ಮ್ಯಾನೇಜರ್ ನೋಂದಣಿ ಬೇರೆಯೇ ಅರ್ಜಿ, ಮರೆಯಬೇಡಿ.

ಬಾಡಿಗೆ ಮನೆಯವರು: ಗ್ಯಾಸ್ ತಪಾಸಣೆ 12 ತಿಂಗಳಿಗೊಮ್ಮೆ, ವಿದ್ಯುತ್ ತಪಾಸಣೆ 5 ವರ್ಷಕ್ಕೊಮ್ಮೆ, ಠೇವಣಿ ಕೈಸೇರಿದ 30 ದಿನದೊಳಗೆ ಅಧಿಕೃತ ಯೋಜನೆಯಲ್ಲಿ ಭದ್ರ.

ಹೆಚ್ಚು ಎಡವುವುದು ದಾನದಲ್ಲಿ. ಕಂಪನಿ ಖಾತೆಯಿಂದ ಕೊಟ್ಟ ಹಣಕ್ಕೆ ಗಿಫ್ಟ್ ಏಡ್ (ದಾನಿ ಕಟ್ಟಿದ ತೆರಿಗೆಯ ಪಾಲನ್ನು ದತ್ತಿ ಸಂಸ್ಥೆ ಸರ್ಕಾರದಿಂದ ಪಡೆಯುವ ಯೋಜನೆ) ಸಿಗದು. ಅದನ್ನು ಕಾರ್ಪೊರೇಷನ್ ತೆರಿಗೆ ಲೆಕ್ಕದಲ್ಲಿ ಲಾಭದಿಂದ ಕಳೆಯಬೇಕು. ಸ್ವಂತ ಖಾತೆಯಿಂದ, ಗಿಫ್ಟ್ ಏಡ್ ಘೋಷಣೆಗೆ ಸಹಿ ಮಾಡಿ ಕೊಟ್ಟರೆ ಸಂಸ್ಥೆಗೆ ಪೌಂಡಿಗೆ 25 ಪೆನ್ಸ್ ಹೆಚ್ಚು, ಆದರೆ ನೀವು ಅಷ್ಟು ತೆರಿಗೆ ಕಟ್ಟಿರಬೇಕು. ಟ್ರಸ್ಟಿಯಾಗಿದ್ದುಕೊಂಡು ನಿಮ್ಮದೇ ಕಟ್ಟಡವನ್ನು ಸಂಸ್ಥೆಗೆ ಬಾಡಿಗೆಗೆ ಕೊಡುವಿರಾ? ಸರಿಯಾದ ಅನುಮತಿ ಇಲ್ಲದೆ ಮುಂದುವರಿಯಬೇಡಿ, ದಯವಿಟ್ಟು. ಆ ಚರ್ಚೆಯಿಂದ ನೀವು ಹೊರಗುಳಿದದ್ದು ನಡಾವಳಿಯಲ್ಲಿ ದಾಖಲಾಗಿರಲಿ.

ಬರುವವರು ‘ಕೇರ್’, ‘ಮನೆ’ ಅಥವಾ ‘ದತ್ತಿ’ ಎಂದು ಇಲ್ಲೇ ಬರೆಯಿರಿ. ನಿವಾಸಿಗಳ, ಬಾಡಿಗೆದಾರರ ಹೆಸರಿರುವ ಪುಟಗಳನ್ನು ಗುಂಪಿಗೆ ಹಾಕಬೇಡಿ.