ಪ್ಯಾರಿಸಿನಿಂದ ಲಂಡನ್ನಿಗೆ ಹೊರಡುವ ಮುನ್ನ

ಚಿ. ಸುಹಾಸನಿಗೆ ಚಿಕ್ಕಮ್ಮನ ಆಶೀರ್ವಾದಗಳು.

ರಜೆಗೆ ಲಂಡನ್ನಿಗೆ ಬರುತ್ತೇನೆಂದು ಬರೆದಿರುವೆ, ಬಹಳ ಸಂತೋಷ. ಆದರೆ ವಿಮಾನಕ್ಕೆ ಒಂದೂಕಾಲು ಗಂಟೆ, ರೈಲಿಗೆ ಎರಡೂಕಾಲು ಗಂಟೆ, ಆದ್ದರಿಂದ ವಿಮಾನವೇ ವಾಸಿ ಎಂಬ ನಿನ್ನ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ನಿನ್ನ ಕೋಣೆಗೆ ಬೀಗ ಹಾಕಿದಲ್ಲಿಂದ ನಮ್ಮ ಮನೆಯ ಕರೆಗಂಟೆ ಒತ್ತುವವರೆಗೆ ಎಷ್ಟಾಗುತ್ತದೆ, ಅದನ್ನು ಹೇಳು.

ಎರಡೂ ಊರುಗಳ ನಡುವೆ ನೇರ ಗೆರೆ ಎಳೆದರೆ ಸುಮಾರು 340 ಕಿ.ಮೀ. ಅಷ್ಟು ದೂರ ಹಾರಲು ನೀನು ಮೊದಲು ಊರಾಚೆಯ ಚಾರ್ಲ್ಸ್ ಡಿ ಗಾಲ್ ನಿಲ್ದಾಣಕ್ಕೆ ಹೋಗಬೇಕು, ಎರಡು ಗಂಟೆ ಮುಂಚೆ ಸಾಲಿನಲ್ಲಿ ನಿಲ್ಲಬೇಕು. ಅಗ್ಗದ ವಿಮಾನವಾದರೆ ಲೂಟನ್‌ನಲ್ಲಿ ಇಳಿಸಿದರೂ ಇಳಿಸಿತು. ಅಲ್ಲಿಂದ ಲಂಡನ್ನಿನ ನಡುಮಧ್ಯಕ್ಕೆ ಸುಮಾರು 50 ಕಿ.ಮೀ. ಉಳಿದಿರುತ್ತದೆ. ಟಿಕೆಟಿನಲ್ಲಿ ಉಳಿದ ದುಡ್ಡು ಅಲ್ಲಿಯೇ ಕರಗುತ್ತದೆ.

ಯೂರೋಸ್ಟಾರ್ ರೈಲು ಹೊರಡುವ ಗಾರ್ ದು ನಾರ್ ನಿಲ್ದಾಣ ಊರೊಳಗೇ ಇದೆ. ಹೊರಡುವ ಒಂದೂವರೆ ಗಂಟೆ ಮೊದಲೇ ಅಲ್ಲಿರು, ಏಕೆಂದರೆ ಫ್ರೆಂಚರ ತಪಾಸಣೆಯೂ ಬ್ರಿಟಿಷರ ತಪಾಸಣೆಯೂ ಅಲ್ಲಿಯೇ ನಡೆಯುತ್ತವೆ. ಅದರ ಲಾಭ ಈ ಕಡೆ ಸಿಗುತ್ತದೆ: ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಲ್ಲಿ ಇಳಿದವನು ಪಾಸ್‌ಪೋರ್ಟಿನ ಸಾಲಿಲ್ಲದೆ ಹೊರಗೆ ನಡೆಯುತ್ತಾನೆ.

1994ರಲ್ಲಿ ಈ ರೈಲು ಆರಂಭವಾದಾಗ ಮೂರು ಗಂಟೆ ಹಿಡಿಯುತ್ತಿತ್ತು. ಫ್ರಾನ್ಸಿನಲ್ಲಿ ಗಂಟೆಗೆ 300 ಕಿ.ಮೀ. ವೇಗದಲ್ಲಿ ಓಡಿಬಂದದ್ದು ಇಂಗ್ಲೆಂಡಿನಲ್ಲಿ ಲೋಕಲ್ ರೈಲುಗಳ ಹಳೆಯ ಹಳಿಯಲ್ಲಿ ತೆವಳುತ್ತಿತ್ತು. 2007ರಲ್ಲಿ ಇಂಗ್ಲೆಂಡಿನ ಕಡೆಯೂ ಹೊಸ ಮಾರ್ಗ ಪೂರ್ತಿಯಾದ ಮೇಲೆಯೇ ಈಗಿನ ವೇಗ ಬಂದದ್ದು. ಕಡಲಡಿಯ ಸುರಂಗ 50 ಕಿ.ಮೀ.ಗೂ ಸ್ವಲ್ಪ ಹೆಚ್ಚು; ಒಳಗೆ ವೇಗ ಗಂಟೆಗೆ 160 ಕಿ.ಮೀ.ಗೆ ಇಳಿಯುತ್ತದೆ. ಕಿಟಕಿಯಲ್ಲಿ ಮೀನು ಕಾಣುತ್ತದೆಯೇ ಎಂದು ನಿನ್ನ ಅಜ್ಜಿ ಕೇಳಿದ್ದರು. ಇಪ್ಪತ್ತು ನಿಮಿಷ ಬರೀ ಕತ್ತಲೆ, ಅಷ್ಟೇ.

ಗಡಿಯಾರ ನೋಡಿ ಮರುಳಾಗಬೇಡ. ಲಂಡನ್ ಒಂದು ಗಂಟೆ ಹಿಂದಿರುವುದರಿಂದ ಹತ್ತಕ್ಕೆ ಹೊರಟವನು ಹನ್ನೊಂದೂಕಾಲರ ಸುಮಾರಿಗೇ ಇಲ್ಲಿರುತ್ತೀಯೆ. ಹಿಂದಿರುಗುವಾಗ ಆ ಗಂಟೆಯನ್ನು ಕಕ್ಕಬೇಕು. ಮರುದಿನ ಬೆಳಗ್ಗೆ ತರಗತಿಯಿದ್ದರೆ ಕಡೆಯ ರೈಲಿಗೆ ಟಿಕೆಟ್ ತೆಗೆಯಬೇಡ.

ರಾತ್ರಿ ಬಸ್ಸೂ ಇದೆ, ಎಂಟೊಂಬತ್ತು ಗಂಟೆ. ಅಗ್ಗ ನಿಜ, ಆದರೆ ಆಗ ತಾನೇ ಕಣ್ಣು ಹತ್ತಿದವನನ್ನು ಫ್ರಾನ್ಸಿನ ಕಡಲಂಚಿನ ಕ್ಯಾಲೆ ಊರಿನಲ್ಲಿ ಎಬ್ಬಿಸಿ ಪಾಸ್‌ಪೋರ್ಟ್ ಕೇಳುತ್ತಾರೆ. ನಿನ್ನ ವಯಸ್ಸಿಗೆ ಒಮ್ಮೆ ಆಗಬಹುದು, ಪರೀಕ್ಷೆಯ ಹಿಂದುಮುಂದು ಮಾತ್ರ ಬೇಡ.

ಎಲ್ಲಕ್ಕಿಂತ ಮುಖ್ಯವಾದದ್ದು ವೀಸಾ. ನಿನ್ನ ಫ್ರೆಂಚ್ ವಿದ್ಯಾರ್ಥಿ ವೀಸಾ ಬ್ರಿಟನ್ನಿನಲ್ಲಿ ನಡೆಯುವುದಿಲ್ಲ. ಭಾರತದ ಪಾಸ್‌ಪೋರ್ಟಿಗೆ ಬ್ರಿಟನ್ನಿನದೇ ವೀಸಾ ಬೇಕು. ಅರ್ಜಿ ಹಾಕಿದ ಮೇಲೆ ಸಾಮಾನ್ಯವಾಗಿ ಮೂರು ವಾರ ಹಿಡಿಯುತ್ತದೆ. ಅದು ಕೈಗೆ ಬರುವವರೆಗೆ ಹಣ ವಾಪಸಾಗದ ಟಿಕೆಟ್ ಕೊಳ್ಳಬೇಡ. ಫ್ರೆಂಚ್ ವೀಸಾವನ್ನು ಅಲ್ಲಿಗೆ ಹೋದ ಮೂರು ತಿಂಗಳೊಳಗೆ ಆನ್‌ಲೈನಿನಲ್ಲಿ ಊರ್ಜಿತಗೊಳಿಸಬೇಕಲ್ಲ, ಅದನ್ನು ಮುಗಿಸಿದ್ದೀಯಾ? ಇಲ್ಲದಿದ್ದರೆ ವಾಪಸು ಹೋಗುವಾಗ ಗಡಿಯಲ್ಲಿ ತಕರಾರು.

ಅಕ್ಕ ಕೊಟ್ಟ ಮಿಡಿ ಉಪ್ಪಿನಕಾಯಿಯನ್ನು ಅರ್ಧ ಬಾಟಲಿಯಾದರೂ ತಾ. ವಿಮಾನದ ಕೈಚೀಲದಲ್ಲಾದರೆ 100 ಮಿ.ಲೀ. ನಿಯಮ ಹೇಳಿ ಕಸದ ಬುಟ್ಟಿಗೆ ಹಾಕಬಹುದು. ರೈಲಿನಲ್ಲಿ ಆ ನಿಯಮವಿಲ್ಲ. ಎಣ್ಣೆ ಸೋರದಂತೆ ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಕಟ್ಟು.

ಸೇಂಟ್ ಪ್ಯಾಂಕ್ರಾಸ್‌ನಲ್ಲಿ ಅಪ್ಪಿಕೊಂಡು ನಿಂತ ಜೋಡಿಯ ದೊಡ್ಡ ಕಂಚಿನ ಪ್ರತಿಮೆಯಿದೆ. ಎಲ್ಲರೂ ಅಲ್ಲಿಯೇ ಸಿಗೋಣವೆನ್ನುತ್ತಾರೆ, ಆದರೆ ಅದು ಮೇಲಿನ ಅಂತಸ್ತು. ನೀನು ಹೊರಬರುವುದು ಕೆಳಗೆ. ನಾನೂ ಕೆಳಗೇ ಇರುತ್ತೇನೆ.

ಇಂತಿ,
ನಿನ್ನ ಚಿಕ್ಕಮ್ಮ